ಹದಿನೇಳನೆಯ ಗಂಟು

ಹಾಪ್ಸಾಲು ಎಂಬ ಊರು. ಅಲ್ಲಿನ ಕಡಲು ತೊಡೆಮಟ್ಟ,
ಜನವರಿಯಲ್ಲಿ ಅದೂ ಇಲ್ಲ, ಬರೀ ನೆಲದಂಥ ನೀರು.
ಗಡ್ಡೆಗಟ್ಟಿದ ಕಡಲ ಮೇಲೆ ದ್ವೀಪಕ್ಕೆ ರಸ್ತೆ ತೆರೆಯುತ್ತಾರೆ,
ಎರಡೂ ಬದಿಗೆ ಜುನಿಪರ್ ಟೊಂಗೆ ನೆಟ್ಟು,
ಸೀಟ್ ಬೆಲ್ಟ್ ಕಟ್ಟಬೇಡಿ ಎಂದು ಫಲಕ ಬರೆದು.

ಆ ಚಳಿಗಾಲ ನಮ್ಮ ಕಂಪನಿ ಮಂಜುಗಡ್ಡೆಯೊಳಗೆ
ನಲವತ್ತು ಸೆನ್ಸರ್ ಹುಗಿಯಿತು.
ಒಂದರ ಕಿವಿಗೊಂದು ಪಿಸುಗುಟ್ಟಬೇಕು, ಇಲ್ಲಿ ತೆಳು, ಇಲ್ಲಿ ಗಟ್ಟಿ.
ಪಿಸುಮಾತು ದಡ ಮುಟ್ಟಬೇಕು, ದಡದಿಂದ ತಾಲ್ಲಿನ್,
ಅಲ್ಲಿಂದ ಯಾರದೋ ಕೋಣೆಯ ಪರದೆ.
ಹೊಸ ಬಗೆಯ ಜಾಲ ಎಂದರು. ಹೊಸದಕ್ಕೊಂದು ಮುಖ ಬೇಕು ಎಂದರು.
ಮುಖಕ್ಕಾಗಿ ಕಲಾವಿದೆ.

ನನ್ನ ಹುದ್ದೆಯ ಹೆಸರು ಕಾರ್ಡಿನಲ್ಲಿ ಎರಡು ಸಾಲು;
ಕೆಲಸ ಮಾತ್ರ ಇಬ್ಬರ ನಡುವೆ ಕಾಫಿ ಹಿಡಿದು ನಿಲ್ಲುವುದು.

ವಿರ್ವೆ ರಂದ್ಮಾ ಬಂದಳು. ಚೀಲದಲ್ಲಿ ಲ್ಯಾಪ್‌ಟಾಪ್ ಇಲ್ಲ,
ಎರಡು ಮರದ ಕಡ್ಡಿ, ಬಿಳಿ ಉಣ್ಣೆಯ ಉಂಡೆ.
ಈ ಊರಿನ ಶಾಲು ಉಂಗುರದೊಳಗೆ ತೂರುತ್ತದೆ, ಇಡೀ ಶಾಲು.
ತೋರಿಸಲೆಂದು ಎಂಜಿನಿಯರ್ ತಾರ್ಮೋನ ಮದುವೆಯುಂಗುರ ಕೇಳಿದಳು.
ಅವನು ಬೆರಳು ಮಡಿಸಿಕೊಂಡ.
ಆ ತಿಂಗಳಿಂದ ಅಲ್ಲಿ ಬಿಳಿಯ ಗುರುತಷ್ಟೇ ಇತ್ತು.
ನಾನು ಕಾಫಿ ಸುರಿದೆ.

ಅವನು ಬ್ಯಾಂಡ್‌ವಿಡ್ತ್ ಅಂದ. ಅವಳು ಕಡ್ಡಿಯ ದಪ್ಪ ಅಂದಳು.
ಅವನು ನೋಡ್ ಅಂದ. ಅವಳು ನುಪ್ ಅಂದಳು:
ಒಂದೇ ಕುಣಿಕೆಯಿಂದ ಏಳು ಸುತ್ತು ಹೆಕ್ಕಿ ಬಿಗಿದ ಗಂಟು,
ಮುಟ್ಟಿದರೆ ಜವೆಗೋಧಿಯ ಕಾಳು.
ನೂರಕ್ಕೆ ಮೂರು ಸಂದೇಶ ದಾರಿಯಲ್ಲೇ ಕಳೆಯುತ್ತವೆ, ಅಂದ.
ಕಡ್ಡಿ ನಿಂತಿತು.
ಕಳೆದದ್ದನ್ನು ಎಲ್ಲಿಡುತ್ತೀರಿ?
ಇಡುವುದಿಲ್ಲ. ಬರುವ ತನಕ ಮತ್ತೆ ಮತ್ತೆ ಕೇಳುತ್ತೇವೆ.
ನಮ್ಮ ಅತ್ತೆಯೂ ಹಾಗೇ, ಅಂದಳು.

ದಿನಕ್ಕೆ ಆರು ಸಲ ಅಂಕಿ ಬರುತ್ತಿತ್ತು.
ನಾನು ಓದುವುದು, ಅವಳು ಹೆಣೆಯುವುದು.
ಸದ್ದು ಬಂದ ಸೆನ್ಸರಿಗೆ ಗಂಟು, ಬಾರದ್ದಕ್ಕೆ ಕಂಡಿ.
ಹದಿನೇಳು ಎಂದೂ ತಡ.
ತಾರ್ಮೋ ಬ್ಯಾಟರಿ ಬದಲಿಸಿದ, ಆಂಟೆನಾ ಒರೆಸಿದ,
ಮೊಣಕಾಲೂರಿ ಬೈದ, ಆಮೇಲೆ ಬೇಡಿಕೊಂಡ.
ಶಾಲಿನ ನಡುವೆ ಹದಿನೇಳರ ಜಾಗ
ಕೆಳಗಿಳಿಯುವ ಓಣಿಯಂತೆ ತೆರೆಯುತ್ತ ಹೋಯಿತು.

ಮುಖ್ಯ ಕಚೇರಿಯವರು ಬಂದು ಹಸಿರು ದೀಪ ಕೇಳಿದರು.
ಹಸಿರೆಂದರೆ ಹೋಗಿ, ಅಷ್ಟು ಸಾಕು.
ಶಾಲು ಚಂದ ಇದೆ, ಲಾಬಿಯ ಗೋಡೆಗೆ ಆದೀತು.
ವಿರ್ವೆ ತಲೆ ಎತ್ತಲಿಲ್ಲ, ಮನಸ್ಸಿನಲ್ಲೇ ಕುಣಿಕೆ ಎಣಿಸುತ್ತಿದ್ದಳು.

ರಸ್ತೆ ಕಾಯುವ ಎಂದೆಲ್ ಸಹಿ ಹಾಕಲು ಒಳಗೆ ಬಂದ,
ಕಣ್ಣಿಗೆ ಪೊರೆ, ಬೂಟಿನಲ್ಲಿ ಅರ್ಧ ಕಡಲು.
ಕೈಗವಸು ಕಳಚಿ ಶಾಲಿನ ಮೇಲೆ ಹೆಬ್ಬೆರಳು ನಡೆಸಿದ
ದಡದಿಂದ ದ್ವೀಪದ ಕಡೆಗೆ, ಮೆಲ್ಲಗೆ, ಭಾರ ಹಾಕದೆ.
ಓಣಿ ಬಂದಲ್ಲಿ ನಿಂತ.
ಇದು ಹಳೆಯ ಹಡಗುದಾರಿ. ಇಲ್ಲಿ ಕೆಳಗಿನ ನೀರು ಮಲಗುವುದಿಲ್ಲ.
ಹಾಗಾದರೆ ಸೆನ್ಸರ್ ಕೆಟ್ಟಿಲ್ಲವೇ, ಎಂದ ತಾರ್ಮೋ.
ಅದಕ್ಕೇನು, ಪಾಪ. ಅದರ ಮೈಯೆಲ್ಲ ಒದ್ದೆ.

ಆ ಮಧ್ಯಾಹ್ನ ಜುನಿಪರ್ ಟೊಂಗೆ ಕಿತ್ತು
ರಸ್ತೆಯನ್ನು ಅರ್ಧ ಮೈಲಿ ಉತ್ತರಕ್ಕೆ ಸರಿಸಿದರು.
ವರದಿಯಲ್ಲಿ ನಾನು ಬರೆದೆ: ಜಾಲದ ಸೂಚನೆಯಂತೆ.
ಯಾವ ಜಾಲ ಎಂದು ಬರೆಯಲಿಲ್ಲ.

ಮುಂದಿನ ವರ್ಷ ಕಡಲು ಗಟ್ಟಿಯಾಗಲೇ ಇಲ್ಲ.
ಯೋಜನೆ ಮುಚ್ಚಿತು, ಶಾಲು ಲಾಬಿಗೆ ಹೋಯಿತು
ಗಾಜಿನ ಹಿಂದೆ, ಯಾರೂ ಮುಟ್ಟದಂತೆ.
ಉಣ್ಣೆಯ ಬಿಲ್ಲು ಇನ್ನೂ ನನ್ನ ಮೇಜಿನಲ್ಲಿದೆ,
ಯಾವ ಲೆಕ್ಕಕ್ಕೆ ಹಾಕುವುದೋ ತಿಳಿಯದೆ.

ಮೊನ್ನೆ ರಾತ್ರಿ ತಾರ್ಮೋ ಫೋನ್ ಮಾಡಿದ.
ಹೆಣಿಗೆ ಕಲಿಯುತ್ತಿದ್ದಾನಂತೆ,
ಆರನೆಯ ಸುತ್ತಿಗೇ ಕುಣಿಕೆ ಜಾರುತ್ತದಂತೆ.
ಮತ್ತೆ ಹಾಕು, ಅಂದೆ.
ಆ ಕಡೆ ಬಹಳ ಹೊತ್ತು ಸದ್ದಿಲ್ಲ.
ಲೈನು ಕಟ್ಟಾಗಿರಲಿಲ್ಲ.